ನೆಂಟರಿಗಲ್ಲದ ತಿಂಡಿ

ಹೆತ್ತ ಮಗನ ಮನೆಯಲ್ಲಿ ತಾಯಿ ನೆಂಟಳಾಗುವುದುಂಟೇ? ಉಂಟು. ಆ ಮನೆ ಕಡಲಾಚೆಯಿದ್ದು, ಅಲ್ಲಿಯ ಒಲೆಯಲ್ಲಿ ಬೆಂಕಿಯೇ ಕಣ್ಣಿಗೆ ಕಾಣದೆ, ಸೊಸೆಯೂ ಬಹಳ ಒಳ್ಳೆಯವಳಾಗಿದ್ದರೆ, ತಾಯಿ ನೆಂಟಳಾಗದೆ ಗತ್ಯಂತರವಿಲ್ಲ.

ಪುತ್ತೂರಿನ ಕಡೆಯ ಆ ಅಜ್ಜಿ ಅಮೆರಿಕೆಯ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಹೋಗಿ ಇಳಿದದ್ದು ಜೂನ್ ತಿಂಗಳಲ್ಲಿ. ಯಜಮಾನರು ತೀರಿಕೊಂಡು ಎರಡು ವರ್ಷಗಳಾಗಿದ್ದವು. ತೋಟ ಆಗಲೇ ಪರರ ಪಾಲಾಗಿತ್ತು. ಉಳಿದದ್ದು ಹೆಂಚಿನ ಮನೆ, ಒಂದು ಬಾವಿ, ಅಂಗಳದಂಚಿನ ನಾಲ್ಕು ಮರಗಳು. "ಅಮ್ಮಾ, ಅದನ್ನೂ ಕೊಟ್ಟುಬಿಡುವ. ನೀನು ಇನ್ನು ಇಲ್ಲಿಯೇ ಇರು. ಕಾಗದಪತ್ರವನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ" ಎಂದು ಮಗ ಬಂದ ವಾರದಲ್ಲೇ ಹೇಳಿದ್ದನು. ಅಜ್ಜಿ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಸೊಸೆಯಲ್ಲಿ ದೋಷವೆಣಿಸುವಂತಿರಲಿಲ್ಲ. ಕಚೇರಿಯಿಂದ ದಣಿದು ಬಂದರೂ ತಾನೇ ಅಡಿಗೆಗೆ ನಿಲ್ಲುವಳು. ಅಜ್ಜಿ ಎದ್ದು ಬಂದರೆ, "ಅತ್ತೆ, ನೀವು ಕೂತುಕೊಳ್ಳಿ" ಎನ್ನುವಳು. ಮಾತಿನಲ್ಲಿ ಅಕ್ಕರೆಯೇ ಇತ್ತು. ಆದರೆ ಐವತ್ತು ವರ್ಷ ಒಲೆಯ ಮುಂದೆ ನಿಂತ ಕೈಗಳಿಗೆ ಅದು ಅಕ್ಕರೆಯಾಗಿ ಕೇಳಿಸಲಿಲ್ಲ. ಒಂಬತ್ತು ವರ್ಷದ ಮೊಮ್ಮಗಳಿಗೆ ಕನ್ನಡ ತಿಳಿಯುತ್ತಿತ್ತು, ನಾಲಗೆಗೆ ಮಾತ್ರ ಬರುತ್ತಿರಲಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವಳು. ಹೀಗೆ ದಿನಗಳೆಣಿಸುತ್ತ ಅಜ್ಜಿ ಕಿಟಕಿಯ ಬಳಿ ಕುಳಿತಿರುತ್ತಿದ್ದರು.

ಮನೆಯ ಹಿಂದೆ ಒಂದು ಸಣ್ಣ ತೊರೆ. ಅದರ ದಂಡೆಯುದ್ದಕ್ಕೂ ಆಳೆತ್ತರದ ಮುಳ್ಳುಪೊದೆ. ಆಗಸ್ಟ್ ಬಂದೊಡನೆ ಆ ಪೊದೆಯ ತುಂಬ ಕಪ್ಪು ಹಣ್ಣಿನ ಗೊಂಚಲುಗಳು ಕಾಣಿಸಿಕೊಂಡವು. ಪುಟ್ಟ ಪುಟ್ಟ ಮಣಿಗಳನ್ನು ಒತ್ತೊತ್ತಾಗಿ ಜೋಡಿಸಿದಂಥ ಹಣ್ಣು, ಬ್ಲ್ಯಾಕ್‌ಬೆರಿ. ಪಕ್ಕದ ಮನೆಯಲ್ಲಿ ಒಬ್ಬಳೇ ವಾಸವಾಗಿದ್ದ ಎಂಬತ್ತರ ಸಮೀಪದ ಮುದುಕಿಯೊಬ್ಬಳು ಒಂದು ಮಧ್ಯಾಹ್ನ ಬಕೆಟ್ಟು ಹಿಡಿದು ಬೇಲಿಯ ಬಳಿ ನಿಂತು ಅಜ್ಜಿಯನ್ನು ಕೈಸನ್ನೆಯಿಂದ ಕರೆದಳು. ಶಾಲೆಗೆ ರಜೆಯಿದ್ದ ಮೊಮ್ಮಗಳು ದುಭಾಷಿಯಾಗಿ ಹೊರಟಳು.

"ಅಜ್ಜಿ, ಇದರ ಹೆಸರು ಹಿಮಾಲಯ ಅಂತೆ!" ಎಂದು ಹುಡುಗಿ ಕೂಗಿದಳು.

ಹೆಸರೇನೋ ಹೌದು. ಕ್ಯಾಲಿಫೋರ್ನಿಯದ ಹೆಸರಾಂತ ಸಸ್ಯತಜ್ಞ ಲೂಥರ್ ಬರ್ಬ್ಯಾಂಕ್, ಭಾರತದಿಂದ ತರಿಸಿದ ಬೀಜದಿಂದ ಈ ಗಿಡವನ್ನು ಬೆಳೆಸಿ, 1885ರಲ್ಲಿ ಹಿಮಾಲಯದ ಹೆಸರಿಟ್ಟು ಮಾರಾಟಕ್ಕೆ ತಂದನು. ವಾಸ್ತವವಾಗಿ ಇದರ ತವರು ಹಿಮಾಲಯವಲ್ಲ, ಆರ್ಮೇನಿಯ ಮತ್ತು ಉತ್ತರ ಇರಾನಿನ ಸೀಮೆ. ತೋಟಕ್ಕೆಂದು ಬಂದ ಗಿಡ ಹಕ್ಕಿಗಳ ಹೊಟ್ಟೆ ಸೇರಿ ಹೊಳೆದಂಡೆ, ರಸ್ತೆಯಂಚು, ಪಾಳುಭೂಮಿಗಳನ್ನೆಲ್ಲ ಆಕ್ರಮಿಸಿತು. ಇಂದು ಓರೆಗಾನಿನಲ್ಲಿ ಸರ್ಕಾರವೇ ಇದನ್ನು ಹಾನಿಕರ ಕಳೆಗಳ ಪಟ್ಟಿಗೆ ಸೇರಿಸಿದೆ. ಅದೇ ರಾಜ್ಯದ ತಜ್ಞರು ತಳಿಸಂಕರದಿಂದ ಬೆಳೆಸಿ 1956ರಲ್ಲಿ ಹೊರತಂದ ಮೇರಿಯನ್‌ಬೆರಿಗೆ ಅಂಗಡಿಯಲ್ಲಿ ಒಳ್ಳೆಯ ಬೆಲೆಯುಂಟು. ಈ ಕಳೆಯ ಹಣ್ಣಿಗೆ ಮುಳ್ಳಿನ ಗೀರೊಂದೇ ಬೆಲೆ. ರಸ್ತೆಯಂಚಿನ ಪೊದೆಗಳಿಗೆ ಕಳೆನಾಶಕ ಹೊಡೆದಿರುವ ಭಯವಿರುವುದರಿಂದ ಬಲ್ಲವರು ಅತ್ತ ಹೋಗದೆ ತೊರೆಯ ದಂಡೆಗೇ ಬರುತ್ತಾರೆ.

ಅಜ್ಜಿಗೆ ಬಾಲ್ಯದ ಗುಡ್ಡ ನೆನಪಾಯಿತು. ಕರಂಡೆಯ ಮುಳ್ಳು, ನಾಲಗೆಗೆ ಬಣ್ಣ ಹಿಡಿಸುವ ಕುಂಟಾಲ ಹಣ್ಣು. ಆದರೆ ಈ ಹಣ್ಣಿನ ಮರ್ಮವೇ ಬೇರೆ. ಫಳಫಳ ಹೊಳೆಯುವುದು ಕಣ್ಣಿಗೆ ಚೆಂದ, ಬಾಯಿಗೆ ಹುಳಿ. ಹೊಳಪು ಸ್ವಲ್ಪ ಮಾಸಿ, ಬೆರಳು ತಾಗಿದೊಡನೆ ಕಳಚಿ ಬರುವುದೇ ಮಾಗಿದ ಹಣ್ಣು. ಕಿತ್ತ ಮೇಲೆ ಇದು ಮಾವಿನಂತೆ ಮನೆಯಲ್ಲಿ ಹಣ್ಣಾಗುವುದಿಲ್ಲ. ಅಜ್ಜಿ ಹೊಳೆಯುವ ಹಣ್ಣೊಂದನ್ನು ಜಗ್ಗಿದಾಗ ಮುದುಕಿ ತಲೆಯಾಡಿಸಿ ಏನೋ ಹೇಳಿದಳು. ಮೊಮ್ಮಗಳು ಕಷ್ಟಪಟ್ಟು ಕನ್ನಡಿಸಿದಳು: "ಎಳೀಬೇಡಿ ಅಂತೆ ಅಜ್ಜಿ. ಎಳೆದರೆ ಹುಳಿ ಅಂತೆ."

ಬಕೆಟ್ಟು ತುಂಬಿದ ಮೇಲೆ, ಇದರಿಂದ ಕಾಬ್ಲರ್ ಮಾಡೋಣವೆಂದು ಮುದುಕಿ ಸೂಚಿಸಿದಳು. ಅಜ್ಜಿ ಕೇಳಿದ ಮೊದಲ ಪ್ರಶ್ನೆ: "ಅದಕ್ಕೆ ಮೊಟ್ಟೆ ಉಂಟಾ?" ಇಲ್ಲವೆಂದು ಉತ್ತರ ಬಂತು. ಹಣ್ಣು, ಸಕ್ಕರೆ, ಮೈದಾ, ಬೆಣ್ಣೆ, ಮಜ್ಜಿಗೆ, ಇಷ್ಟೇ. ಹಾಗಾದರೆ ತನ್ನ ಅಡಿಗೆಮನೆಯಲ್ಲೇ ಆಗಲಿ ಎಂದರು ಅಜ್ಜಿ. 'ತನ್ನ ಅಡಿಗೆಮನೆ' ಎಂಬ ಮಾತು ಆ ಮನೆಯಲ್ಲಿ ಆಕೆಯ ಬಾಯಿಂದ ಬಂದದ್ದು ಅದೇ ಮೊದಲು.

ಕಾಬ್ಲರ್ ಎಂಬುದು ಬಡತನದಲ್ಲಿ ಹುಟ್ಟಿದ ತಿಂಡಿ. ಇಂಗ್ಲೆಂಡಿನಿಂದ ಅಮೆರಿಕೆಗೆ ವಲಸೆ ಹೋದವರಿಗೆ ಊರಿನ ಸಾಮಗ್ರಿ, ಸಲಕರಣೆಗಳು ಸಿಕ್ಕದೆ ಹೋದಾಗ, ಸಿಕ್ಕಿದ ಹಣ್ಣಿನ ಮೇಲೆ ಹಿಟ್ಟಿನ ಮುದ್ದೆಗಳನ್ನಿಟ್ಟು ಬೇಯಿಸತೊಡಗಿದರು. ಬೆಂದ ಮೇಲೆ ಅದರ ನೆತ್ತಿ ಉರುಟುಗಲ್ಲು ಹಾಸಿದ ಬೀದಿಯಂತೆ ಕಾಣುತ್ತದೆ. ಅದರಿಂದಲೇ ಈ ಹೆಸರು ಬಂತೆನ್ನುವವರಿದ್ದಾರೆ. 1839ರಲ್ಲಿ ಪ್ರಕಟವಾದ ಕೆಂಟಕಿ ಗೃಹಿಣಿಯರ ಅಡಿಗೆ ಪುಸ್ತಕದಲ್ಲಿ ಲೆಟಿಸ್ ಬ್ರಯನ್ ಎಂಬಾಕೆ ಪೀಚ್ ಹಣ್ಣಿನ ಕಾಬ್ಲರ್ ವಿಧಾನವನ್ನು ಬರೆದು, ಇದು ನೆಂಟರಿಗೆ ಬಡಿಸುವಷ್ಟು ನಾಜೂಕಿನದಲ್ಲ, ಮನೆಯವರಿಗೆ ಮಾತ್ರ ಬಹಳ ಸೊಗಸೆಂದು ತಿಳಿಸಿದ್ದಾಳೆ.

ವಿಧಾನ ಸುಲಭ. ಅಲ್ಲಿಯ ಅಳತೆಯ ಬಟ್ಟಲೆಂದರೆ ಸುಮಾರು 240 ಮಿಲಿಲೀಟರ್. ಅಂಥ 4 ಬಟ್ಟಲು ಹಣ್ಣಿಗೆ ಅರ್ಧ ಬಟ್ಟಲು ಸಕ್ಕರೆ, 1 ದೊಡ್ಡ ಚಮಚ ಕಾರ್ನ್‌ಫ್ಲೋರ್, ಸ್ವಲ್ಪ ನಿಂಬೆರಸ ಬೆರೆಸಿ ಅಗಲವಾದ ಪಾತ್ರೆಗೆ ಸುರಿಯಬೇಕು. ಬೇರೊಂದು ಪಾತ್ರೆಯಲ್ಲಿ 1 ಬಟ್ಟಲು ಮೈದಾ, 2 ದೊಡ್ಡ ಚಮಚ ಸಕ್ಕರೆ, ಒಂದೂವರೆ ಸಣ್ಣ ಚಮಚ ಬೇಕಿಂಗ್ ಪೌಡರ್, ಕಾಲು ಸಣ್ಣ ಚಮಚ ಅಡಿಗೆ ಸೋಡ, ಚಿಟಿಕೆ ಉಪ್ಪು. ಅದಕ್ಕೆ 4 ದೊಡ್ಡ ಚಮಚದಷ್ಟು ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಿಂದ ಉದುರುದುರಾಗಿ ಸೇರಿಸಿ, ಅರ್ಧ ಬಟ್ಟಲು ದಪ್ಪ ಮಜ್ಜಿಗೆ ಹಾಕಿ ಕಲಸಬೇಕು.

"ಬೆಣ್ಣೆಗೆ ಚಳಿ ಆಗಬೇಕಂತೆ" ಎಂದಳು ಮೊಮ್ಮಗಳು. ಮಾತು ನಗೆ ತರಿಸಿದರೂ ವಿಷಯ ಸರಿಯೇ. ಬೆಣ್ಣೆಯ ಚೂರುಗಳು ಕರಗದೆ ಹಿಟ್ಟಿನ ನಡುವೆ ಉಳಿದರೆ, ಶಾಖ ತಾಗಿದಾಗ ಅದರೊಳಗಿನ ನೀರು ಆವಿಯಾಗಿ ಹಿಟ್ಟನ್ನು ಎತ್ತುತ್ತದೆ. ಮಜ್ಜಿಗೆಯ ಹುಳಿಯೂ ಸೋಡವೂ ಕೂಡಿ ಹುಟ್ಟುವ ಅನಿಲ ಹಿಟ್ಟನ್ನು ಉಬ್ಬಿಸುತ್ತದೆ.

ಮಜ್ಜಿಗೆ ಬಿದ್ದೊಡನೆ ಅಜ್ಜಿಯ ಕೈ ಅಭ್ಯಾಸಬಲದಿಂದ ಪೂರಿಯ ಹಿಟ್ಟನ್ನು ನಾದುವಂತೆ ನಾದಲು ಹೊರಟಿತು. ಮುದುಕಿ ಥಟ್ಟನೆ ಆ ಕೈಯನ್ನು ಹಿಡಿದು ನಿಲ್ಲಿಸಿದಳು. ಎರಡು ಮುದಿ ಕೈಗಳೂ ಹಿಟ್ಟು ಮೆತ್ತಿಕೊಂಡು ಒಂದು ಕ್ಷಣ ಹಾಗೆಯೇ ಇದ್ದವು. "ಹಿಟ್ಟಿಗೆ ನೋವು ಮಾಡಬಾರದಂತೆ ಅಜ್ಜಿ" ಎಂದಳು ಹುಡುಗಿ. ನಾದಿದಷ್ಟೂ ಮೈದಾ ಅಂಟುಗೊಂಡು ಗಟ್ಟಿಯಾಗುತ್ತದೆ. ಹಿಟ್ಟು ಒದ್ದೆಯಾದೊಡನೆ ಕೈ ತೆಗೆದು, ಚಮಚದಿಂದ ಅಲ್ಲಲ್ಲಿ ಹಣ್ಣಿನ ಮೇಲೆ ಹಾಕಿದರೆ ಸಾಕು.

ಇನ್ನು ಉಳಿದದ್ದು ಓವನ್. ಎರಡು ತಿಂಗಳು ಅಜ್ಜಿ ಅದರ ಹತ್ತಿರ ಸುಳಿದಿರಲಿಲ್ಲ. ಮುದುಕಿ ಬಾಗಿಲು ತೆರೆದು ತೋರಿಸಿದಳು: ಕೆಳಗೊಂದು ಕಾಯುವ ಕಂಬಿ, ಮೇಲೊಂದು. ಅಜ್ಜಿ ಬಗ್ಗಿ ನೋಡಿ ನಕ್ಕುಬಿಟ್ಟರು. "ಇದು ಕೆಂಡದಡ್ಯದ ಒಲೆಯಲ್ಲವೋ ಮಗಳೇ! ಅಮ್ಮ ಹಲಸಿನ ಹಣ್ಣಿನ ಹಿಟ್ಟನ್ನು ಪಾತ್ರೆಗೆ ಸುರಿದು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದಳು." ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಮುದುಕಿಯ ಮುಖ ಅರಳಿತು. ಹಿಂದೆ ಅಮೆರಿಕೆಯ ವಲಸಿಗರು ಪಯಣದ ದಾರಿಯಲ್ಲಿ ಕಬ್ಬಿಣದ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುತ್ತಿದ್ದುದೂ ಹೀಗೆಯೇ.

375 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 190 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 40 ನಿಮಿಷ. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿದರೆ ಸಾಲದು. ರಸ ಅಂಚಿನಲ್ಲಿ ಮಾತ್ರವಲ್ಲ, ನಡುವೆಯೂ ಕೊತಕೊತ ಕುದಿಯಬೇಕು. ಆಗಲೇ ಪಿಷ್ಟ ಬೆಂದು ರಸ ಮಂದವಾಗುವುದು. ಹೊರತೆಗೆದ ಮೇಲೆ ಅರ್ಧ ಗಂಟೆ ಆರಲು ಬಿಡಬೇಕು. ಮೊಮ್ಮಗಳು ಅಷ್ಟು ಹೊತ್ತು ತಡೆಯದೆ ನಾಲಗೆ ಸುಟ್ಟುಕೊಂಡಳು. ಒಂದು ಮೂಲೆ ಸ್ವಲ್ಪ ಸೀದಿತ್ತು. ಅದನ್ನು ಅಜ್ಜಿ ತನ್ನ ತಟ್ಟೆಗೆ ಹಾಕಿಕೊಂಡರು.

ಸಂಜೆ ಮಗನೂ ಸೊಸೆಯೂ ಬಂದಾಗ ಮನೆಯೆಲ್ಲ ಘಮಘಮಿಸುತ್ತಿತ್ತು. ಸೊಸೆ ಒಂದು ತುತ್ತು ತಿಂದು, "ಅತ್ತೆ, ಇದನ್ನು ನೀವೇ ಮಾಡಿದ್ದೇ?" ಎಂದಳು. ಮಗ ಎರಡು ಸಲ ಹಾಕಿಸಿಕೊಂಡನು. ತಟ್ಟೆ ಬರಿದಾದ ಮೇಲೆ ಹಳೆಯ ಪ್ರಶ್ನೆಯನ್ನೇ ಎತ್ತಿದನು: "ಇಲ್ಲಿ ಹೊಂದಿಕೊಂಡಂತಾಯಿತಲ್ಲ ಅಮ್ಮಾ? ಹಾಗಾದರೆ ಊರಿನ ಮನೆಯ ಮಾತು?"

ಅಜ್ಜಿ ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದರು: "ಮನೆ ಇರಲಿ ಮಗಾ. ಡಿಸೆಂಬರಿಗೆ ನಾನು ಹೊರಡುತ್ತೇನೆ. ಬರುವ ವರ್ಷ ಹಣ್ಣಿನ ಕಾಲಕ್ಕೆ ಮತ್ತೆ ಬರುತ್ತೇನೆ. ಇಲ್ಲೇ ಉಳಿಯುವ ಮನಸ್ಸು ಆದ ದಿನ ನಾನೇ ಹೇಳುತ್ತೇನೆ. ಎಳೆದರೆ ಹುಳಿ ಅಂತ ಆ ಹೆಂಗಸು ಇವತ್ತು ಹೇಳಿದಳು."

ಮಗ ಸುಮ್ಮನಾದನು. ಮುಖ ಸ್ವಲ್ಪ ಬಾಡಿದ್ದು ನಿಜ. ಆದರೆ ಎರಡು ತಿಂಗಳಿನಿಂದ ಕಾದಿದ್ದ ಉತ್ತರ ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ಉಳಿದ ಕಾಬ್ಲರ್ ತಣ್ಣಗೆ ಕಾಫಿಯ ಜೊತೆ ಮುಗಿಯಿತು. ಸೊಸೆ ಕಚೇರಿಗೆ ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು, "ಅತ್ತೆ, ಇವತ್ತು ನನಗೆ ತಡವಾಗುತ್ತದೆ. ರಾತ್ರಿಯ ಸಾರು ನೀವೇ ಮಾಡಿಬಿಡಿ" ಎಂದಳು.

ಕೂತುಕೊಳ್ಳಿ ಎನ್ನಲಿಲ್ಲ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬೇಳೆಯ ಡಬ್ಬಿ ಎಲ್ಲಿದೆಯೆಂದು ಹುಡುಕತೊಡಗಿದರು.