ಕಳಲೆಯಿಂದ ಮಾರಿಕಣಿವೆಗೆ: ವಾಣಿವಿಲಾಸ ಸನ್ನಿಧಾನದ ಹಾದಿ

ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ (1866–1934) ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಕಾಣಸಿಗುವುದು ಬಹುಮಟ್ಟಿಗೆ 1895ರಿಂದ 1902ರವರೆಗಿನ ರೀಜೆಂಟ್ ಆಡಳಿತದ, ಅಂದರೆ ಪ್ರಾಯಕ್ಕೆ ಬಾರದ ದೊರೆಯ ಪರವಾಗಿ ಮತ್ತೊಬ್ಬರು ರಾಜ್ಯಭಾರ ನಡೆಸಿದ ಕಾಲದ, ಪುಟಗಳಲ್ಲಿ ಮಾತ್ರ. ಆದರೆ ಅರವತ್ತೆಂಟು ವರ್ಷಗಳ ಆ ಬಾಳಿನಲ್ಲಿ ರಾಜ್ಯಭಾರದ ಪಾಲು ಕಿರಿದು. ಮಕ್ಕಳನ್ನು ಸಾಕಿ, ಮದುವೆ ಮಾಡಿ, ಕೆಲವರನ್ನು ಕಳೆದುಕೊಂಡು, ಮೊಮ್ಮಕ್ಕಳ ಮುಖ ಕಂಡ ತಾಯಿಯ ಮತ್ತು ಅಜ್ಜಿಯ ಪಾಲೇ ಹಿರಿದು. ಆ ಪಾಲಿನ ಗುರುತುಗಳು ಗ್ರಂಥಗಳಿಗಿಂತ ಹೆಚ್ಚಾಗಿ ಕಟ್ಟಡಗಳಲ್ಲಿ ಉಳಿದಿರುವುದರಿಂದ, ಅವುಗಳನ್ನು ಹುಡುಕಿ ಹೊರಟ ಈ ಪ್ರಯಾಣ ನಂಜನಗೂಡಿನ ನೆರೆಯ ಕಳಲೆಯಿಂದ ಮೊದಲಾಗಿ, ಮೈಸೂರು, ಬೆಂಗಳೂರುಗಳನ್ನು ಹಾದು, ಹಿರಿಯೂರಿನ ಕಣಿವೆಯವರೆಗೆ ಸಾಗಿತು.

ಲಕ್ಷ್ಮೀಕಾಂತಸ್ವಾಮಿಯ ಗುಡಿಯ ಸುತ್ತ ಹಬ್ಬಿರುವ ಕಳಲೆ ಇಂದು ಗದ್ದೆ, ಬಾಳೆತೋಟಗಳ ನಡುವಿನ ಸಾಧಾರಣ ಹಳ್ಳಿಯಾಗಿ ಕಂಡರೂ, ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಯ ಅರಸು ಮನೆತನದ ದಳವಾಯಿಗಳು, ಎಂದರೆ ಸೇನಾಧಿಪತಿಗಳು, ಒಡೆಯರ ಹೆಸರಿನಲ್ಲಿ ಇಡೀ ರಾಜ್ಯವನ್ನು ತಾವೇ ನಡೆಸಿದ್ದುಂಟು. ಅದೇ ಮನೆತನದ ಹೆಣ್ಣುಮಗಳು 1878ರಲ್ಲಿ, ಇನ್ನೂ ಹನ್ನೆರಡರ ಬಾಲೆಯಾಗಿದ್ದಾಗ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಹಿಡಿದು ಮೈಸೂರಿಗೆ ಬಂದರು. ಅರಮನೆಯ ರಾಣಿಯರನ್ನು ಹುಟ್ಟುಹೆಸರಿನಿಂದ ಕರೆಯದೆ ಅವರವರ ಸನ್ನಿಧಾನದ ಹೆಸರಿನಿಂದ ಗುರುತಿಸುವ ರೂಢಿಯಂತೆ ಅವರು ‘ವಾಣಿವಿಲಾಸ ಸನ್ನಿಧಾನ’ ಎನಿಸಿದರು. ಕಪಿಲೆಯನ್ನು ದಾಟಿ, ಚಾಮುಂಡಿಬೆಟ್ಟವನ್ನು ದೂರದಿಂದಲೇ ಕಾಣುತ್ತ ಸಾಗುವ ನಂಜನಗೂಡು ರಸ್ತೆಯಲ್ಲಿ ಪ್ರವಾಸಿಯ ಬಸ್ಸು ಇಂದು ಒಂದು ಗಂಟೆಯೊಳಗೆ ಮೈಸೂರು ಮುಟ್ಟುತ್ತದೆ. ತವರನ್ನು ಬಿಟ್ಟುಬಂದ ಆ ಬಾಲೆಗೆ ಈ ದಾರಿ ಎಷ್ಟು ಉದ್ದವೆನಿಸಿದ್ದೀತೆಂಬುದು ದಾರಿಯುದ್ದಕ್ಕೂ ಮನಸ್ಸನ್ನು ಕಾಡುವ ಸಂಗತಿ.

1894ರ ಡಿಸೆಂಬರ್ 28ರಂದು ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಗಂಟಲಮಾರಿಗೆ ತುತ್ತಾದಾಗ ರಾಣಿಗೆ ಇಪ್ಪತ್ತೆಂಟು ವರ್ಷ, ಹಿರಿಯ ಮಗ ಕೃಷ್ಣರಾಜರಿಗೆ ಹತ್ತು, ಕಿರಿಯ ಮಗ ನರಸಿಂಹರಾಜರಿಗೆ ಆರು. ಮೂವರು ಹೆಣ್ಣುಮಕ್ಕಳ ಮದುವೆಯ ಹೊಣೆ ಬೇರೆ. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಆಡಳಿತ ಮಂಡಲಿಯ ನೆರವಿನಿಂದ ಅವರು ರಾಜ್ಯದ ಹೊಣೆ ಹೊತ್ತ ಎರಡೇ ವರ್ಷದಲ್ಲಿ, 1897ರಲ್ಲಿ, ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಅದೇ ಜಾಗದಲ್ಲಿ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ರೂಪಿಸಿ 1912ರಲ್ಲಿ ಮುಗಿದ ಇಂದಿನ ಅರಮನೆಯೊಳಗೆ ನಡೆಯುವ ಪ್ರವಾಸಿಗರ ಸಾಲು ಎಂಟು ಮೂಲೆಯ ಕಲ್ಯಾಣಮಂಟಪದಲ್ಲಿ ನಿಂತು, ನವಿಲು ಚಿತ್ರದ ಬಣ್ಣದ ಗಾಜಿನ ಮಾಡನ್ನು ತಲೆಯೆತ್ತಿ ನೋಡುತ್ತದೆ. ಆ ಮಾಡನ್ನು ಹೊತ್ತಿರುವ ಎರಕದ ಕಬ್ಬಿಣದ ಕಂಬಗಳನ್ನು ನೋಡುವಾಗ, ಮಗಳ ಮದುವೆಯ ದಿನಗಳಲ್ಲಿ ಮನೆ ಉರಿದುದನ್ನು ಕಂಡ ತಾಯಿಯೊಬ್ಬರ ನೆನಪಿಲ್ಲದೆ ಈ ಮಂಟಪವನ್ನು ಬರಿಯ ವೈಭವವೆಂದು ಓದುವುದು ಅರ್ಧ ಓದೇ ಸರಿ ಎನಿಸುತ್ತದೆ.

ಬೆಂಕಿಯ ಬಳಿಕ ರಾಜಕುಟುಂಬ ನೆಲೆಸಿದ್ದ ಜಗನ್ಮೋಹನ ಅರಮನೆಯಲ್ಲಿ 1902ರ ಆಗಸ್ಟ್ 8ರಂದು, ವೈಸರಾಯ್ ಕರ್ಜನ್ ಎದುರಿನಲ್ಲಿ, ಹದಿನೆಂಟು ತುಂಬಿದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಸಂದಿತು. ಆಗ ತಾಯಿಗೆ ಮೂವತ್ತಾರು ವರ್ಷ. ಆ ವೇಳೆಗೆ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಾಗಿತ್ತು, ಪ್ಲೇಗಿನ ಹಾವಳಿಯನ್ನು ಎದುರಿಸಿದ ಬೆಂಗಳೂರಿಗೆ ಮಲ್ಲೇಶ್ವರ, ಬಸವನಗುಡಿಗಳಂಥ ಹೊಸ ಬಡಾವಣೆಗಳು ಬಂದಿದ್ದವು. ಇಷ್ಟೆಲ್ಲ ಕೈಯಲ್ಲಿದ್ದಾಗಲೂ ಗೊತ್ತಾದ ಕಾಲಕ್ಕೆ ಅದನ್ನು ಮಗನಿಗೆ ಒಪ್ಪಿಸಿದ್ದು ಆ ಏಳೆಂಟು ವರ್ಷಗಳ ಆಡಳಿತದ ಅತ್ಯಂತ ದೊಡ್ಡ ಕಾರ್ಯವೆಂದೇ ಈ ಬರಹದ ನಂಬಿಕೆ. ಮುಂದಿನ ಮೂವತ್ತೆರಡು ವರ್ಷ ಅವರು ತಾಯಿಯಾಗಿ, ಅಜ್ಜಿಯಾಗಿ ಬಾಳಿದರು.

ಆ ಮೂವತ್ತೆರಡು ವರ್ಷಗಳ ನಕಾಶೆಯೆಂದರೆ ಮೈಸೂರಿನ ಹೆಣ್ಣುಮಕ್ಕಳ ಮನೆಗಳು. ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸ ಈಗ ಮಾನಸಗಂಗೋತ್ರಿಯ ಆವರಣದಲ್ಲಿದ್ದು, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಒಳಗೊಂಡಿದೆ. ರಾಜಕುಮಾರಿಯ ಕೋಣೆಗಳಲ್ಲಿ ತೊಗಲುಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು, ಹಳ್ಳಿಯ ಮನೆಬಳಕೆಯ ಸಾಮಾನುಗಳು ಬಂದು ಸೇರಿವೆ. ಕಿರಿಯ ಮಗಳು ಚೆಲುವಾಜಮ್ಮಣ್ಣಿಯವರ ಚೆಲುವಾಂಬಾ ವಿಲಾಸದಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಕೆಲಸಮಾಡುತ್ತಿದೆ. ನಡುವಿನ ಮಗಳು ಕೃಷ್ಣಾಜಮ್ಮಣ್ಣಿಯವರಿದ್ದ ಕಾರಂಜಿ ವಿಲಾಸದಲ್ಲಿ ಅಂಚೆ ಇಲಾಖೆಯ ತರಬೇತಿ ಕೇಂದ್ರವಿದೆ.

ಆದರೆ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಮೈಸೂರಿಗರು ಬಲ್ಲದ್ದು ಆ ಬಂಗಲೆಯಿಂದಲ್ಲ, ಕೃಷ್ಣರಾಜಸಾಗರದ ರಸ್ತೆಯಲ್ಲಿರುವ ಪಿ.ಕೆ.ಟಿ.ಬಿ. ಸ್ಯಾನಟೋರಿಯಮ್‌ನಿಂದ; ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ ಎಂಬುದು ಅದರ ಪೂರ್ಣ ನಾಮ. ಅವರೂ ಅವರ ಮೂವರು ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಈ ರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು ದೊರೆತದ್ದು 1940ರ ದಶಕದಲ್ಲಿ. ಅದಕ್ಕೆ ಮೊದಲು ಊರಾಚೆಯ ಸ್ವಚ್ಛ ಗಾಳಿ, ಬಿಸಿಲು, ವಿಶ್ರಾಂತಿ, ಪುಷ್ಟಿಕರ ಆಹಾರ ಇವೇ ಚಿಕಿತ್ಸೆಯಾಗಿದ್ದು, ಅವುಗಳನ್ನು ಒದಗಿಸುವ ಆಸ್ಪತ್ರೆಯನ್ನೇ ಸ್ಯಾನಟೋರಿಯಮ್ ಎನ್ನುತ್ತಿದ್ದರು. ಸೋದರಿಯ ನೆನಪಿಗೆ ನಾಲ್ವಡಿಯವರು ಈ ಆಸ್ಪತ್ರೆಯನ್ನು ಕಟ್ಟಿಸಿದರೆಂದು ಎಲ್ಲರೂ ಬರೆಯುತ್ತಾರೆ, ಅದು ನಿಜವೂ ಹೌದು; ಆದರೆ ಅದೇ ಮನೆಯಲ್ಲಿ ಮಗಳನ್ನೂ ಮೊಮ್ಮಕ್ಕಳನ್ನೂ ಕಳೆದುಕೊಂಡ ಅಜ್ಜಿಯೊಬ್ಬರು ಇದ್ದರೆಂಬುದನ್ನು ಯಾರೂ ಬರೆಯುವುದಿಲ್ಲ. ಮರಗಳು ದಟ್ಟವಾಗಿರುವ ಆ ಆವರಣದಲ್ಲಿ ನಿಂತಾಗ, ಸಂಪತ್ತು, ಅಧಿಕಾರ, ಅರಮನೆಯ ವೈದ್ಯರು ಎಲ್ಲವೂ ಇದ್ದು ಮೊಮ್ಮಕ್ಕಳನ್ನು ಉಳಿಸಿಕೊಳ್ಳಲಾಗದ ಆ ಸಂಕಟದ ಆಳ ಪ್ರವಾಸಿಯ ಅರಿವಿಗೆ ಬರುತ್ತದೆ. ಈ ಹಾದಿಯ ಎಲ್ಲ ಕಟ್ಟಡಗಳ ನಡುವೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ.

ನಾಲ್ವಡಿಯವರಿಗೆ ಮಕ್ಕಳಿಲ್ಲದ್ದರಿಂದ ವಂಶದ ಆಸೆಯೆಲ್ಲ ನರಸಿಂಹರಾಜರ ಮಗನ ಮೇಲೆ ನೆಲೆಯೂರಿತ್ತು. 1919ರ ಜುಲೈ 18ರಂದು ಹುಟ್ಟಿದ ಆ ಮೊಮ್ಮಗ ಜಯಚಾಮರಾಜ ಒಡೆಯರು ಸಂಸ್ಥಾನದ ಕೊನೆಯ ಅರಸರೂ ಸಂಗೀತದ ವಾಗ್ಗೇಯಕಾರರೂ, ಎಂದರೆ ಕೃತಿಗಳ ಸಾಹಿತ್ಯ ಮತ್ತು ಸಂಗೀತ ಎರಡನ್ನೂ ತಾವೇ ರಚಿಸಿದವರೂ, ಆದರು. ಅಜ್ಜಿ 1934ರ ಜುಲೈ 7ರಂದು ತೀರಿಕೊಂಡಾಗ ಅವರಿಗೆ ಹದಿನೈದು ತುಂಬಲು ಕೆಲವೇ ದಿನಗಳಿದ್ದವು.

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಗದ್ದಲದ ಬದಿಗೇ ಎರಡು ಆಸ್ಪತ್ರೆಗಳು ಅಕ್ಕಪಕ್ಕದಲ್ಲಿವೆ. ಅರಮನೆ ಸುಟ್ಟ ವರ್ಷವೇ, 1897ರ ಜೂನ್ 22ರಂದು, ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಇಟ್ಟವರು ಕೆಂಪನಂಜಮ್ಮಣ್ಣಿಯವರು. ಅವರು ತೀರಿಕೊಂಡ ಮರುವರ್ಷ, 1935ರಲ್ಲಿ, ಅದರ ಪಕ್ಕದಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದ ಆಸ್ಪತ್ರೆಗೆ ವಾಣಿವಿಲಾಸವೆಂದೇ ಹೆಸರಾಯಿತು. ಅದರ ಹೊರಾಂಗಣದಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು ಕಾಯುವ ಗಂಡಂದಿರು, ಹಳೆಯ ಸೀರೆಯ ಮೆತ್ತನೆ ಬಟ್ಟೆಯಲ್ಲಿ ಕೂಸನ್ನು ಸುತ್ತಿ ಎದೆಗವಚಿಕೊಂಡ ಅಜ್ಜಿಯರು ತುಂಬಿರುತ್ತಾರೆ. ಬಡವರ ಮನೆಯ ಬಾಣಂತಿಯರಿಗೆ ಊರು ಇಂದಿಗೂ ನೆಚ್ಚುವ ಈ ಜಾಗಕ್ಕಿಂತ ಮಿಗಿಲಾದ ಸ್ಮಾರಕ ಆ ತಾಯಿಗೆ ಬೇರೆಲ್ಲಿಯೂ ಇಲ್ಲ.

ಶಿರಾ ದಾಟಿ ಹಿರಿಯೂರಿನತ್ತ ಸಾಗಿದಂತೆ ನೆಲ ಒಣಗುತ್ತದೆ, ಜಾಲಿ ಹೆಚ್ಚುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ತೆಂಗು ಅಡಕೆಯ ತೋಟಗಳು ಎದುರಾಗುತ್ತವೆ. ಎರಡು ಗುಡ್ಡಗಳ ಸಂದಿಯಲ್ಲಿ ವೇದಾವತಿ ನದಿಯನ್ನು ತಡೆದು ನಿಲ್ಲಿಸಿದ ಮಾರಿಕಣಿವೆ ಅಣೆಕಟ್ಟೆಯ ಕೆಲಸ ರೀಜೆಂಟ್ ಕಾಲದ 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿಯಿತು. ಸುಮಾರು 30 ಟಿ.ಎಂ.ಸಿ. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುವ ಈ ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂದು ಹೆಸರಿಟ್ಟರೂ, ಬಳಿಯಲ್ಲೇ ಗುಡಿಯುಳ್ಳ ಕಣಿವೆ ಮಾರಮ್ಮನ ಹೆಸರೂ ಜನರ ಬಾಯಲ್ಲಿ ಉಳಿದು, ಒಬ್ಬ ದೇವತೆಯೂ ಒಬ್ಬ ತಾಯಿಯೂ ಇದನ್ನು ಹಂಚಿಕೊಂಡಿದ್ದಾರೆ. ಮಳೆ ಕಡಿಮೆಯಾದ ಸೀಮೆಯಾದ್ದರಿಂದ ಕೋಡಿ ಹರಿಯುವುದು ಇಲ್ಲಿ ಅಪರೂಪ. 1933ರಲ್ಲಿ, ಮಹಾರಾಣಿಯವರ ಬದುಕಿನ ಕೊನೆಗಾಲದಲ್ಲಿ, ಕೋಡಿ ಬಿದ್ದ ಕಟ್ಟೆ ಮತ್ತೆ ತುಂಬಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ಹಿರಿಯೂರು ಸೀಮೆಯ ಹೆಂಗಸರು ಸಾಲುಗಟ್ಟಿ ಬಂದು ಬಾಗಿನ ಅರ್ಪಿಸಿದರು.