ಅಕ್ಕನಿಗೆ 600, ತಂಗಿಗೆ 180

ಹಿಂದೆ ನಮ್ಮ ಮನೆಗಳಲ್ಲಿ ಬಸುರಿಯ ಸುದ್ದಿ ಮೂರು ತಿಂಗಳು ತುಂಬಿದ ಮೇಲೆಯೇ ಹೊರಬೀಳುತ್ತಿತ್ತು. ಈಗ ಮುಟ್ಟು ತಪ್ಪಿದ ವಾರದಲ್ಲಿಯೇ ರಕ್ತಪರೀಕ್ಷೆಯ ರಿಪೋರ್ಟು ಕೈಸೇರುತ್ತದೆ, ಅದರೊಡನೆ ಚಿಂತೆಯೂ. ಕಳೆದ ವರ್ಷ ಕುಂಬಳೆ ಸಮೀಪದ ನಮ್ಮ ಮನೆಗೆ ಬಂದ ಸೊಸೆಯ ರಿಪೋರ್ಟಿನಲ್ಲಿ ಎಚ್‌ಸಿಜಿ 180 ಎಂದಿತ್ತು. ಅವಳ ಅಕ್ಕನಿಗೆ ಅಷ್ಟೇ ದಿನಗಳಿಗೆ 600 ಇತ್ತಂತೆ. ಹುಡುಗಿ ಊಟ ಬಿಟ್ಟಳು.

ಎಚ್‌ಸಿಜಿ ಎಂಬುದು ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಂಡ ಬಳಿಕ, ಮುಂದೆ ಮಾಸು ಆಗಲಿರುವ ಜೀವಕೋಶಗಳು ಸ್ರವಿಸುವ ಹಾರ್ಮೋನು. ಅಂಡಾಶಯವು ಪ್ರೊಜೆಸ್ಟರಾನ್ ಒದಗಿಸುತ್ತಲೇ ಇರುವಂತೆ ಅದು ನೋಡಿಕೊಳ್ಳುತ್ತದೆ. ಗರ್ಭಕೋಶದ ಒಳಪದರ ಕಳಚದೆ ನಿಲ್ಲುವುದು ಇದರಿಂದಲೇ. ಮೊದಲ ವಾರಗಳಲ್ಲಿ ಅದು ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಸುವುದುಂಟು. ಲೆಕ್ಕ ಹಾಕಿ ನೋಡಿ: ಎರಡು ದಿನಕ್ಕೆ ಇಮ್ಮಡಿಯಾದರೆ 180 ಇದ್ದುದು ನಾಲ್ಕನೆಯ ದಿನಕ್ಕೆ 720. ಗರ್ಭ ಕಟ್ಟುವುದು ನಾಲ್ಕು ದಿನ ಹಿಂದುಮುಂದಾದರೆ ಸಾಕು, ಅಕ್ಕತಂಗಿಯರ ನಡುವೆ ಇಷ್ಟು ಅಂತರ ಬರಲು. ಇದು ಮಕ್ಕಳ ಅಂಕಪಟ್ಟಿಯಲ್ಲ. (ಅಂಕಪಟ್ಟಿಯನ್ನೂ ಹೀಗೆ ಹೋಲಿಸಬಾರದೆಂಬುದು ನನ್ನ ಹಳೆಯ ತಕರಾರು.)

ನಲವತ್ತೆಂಟು ಗಂಟೆಗಳ ಬಳಿಕ ಅದೇ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸಲು ವೈದ್ಯೆ ಸೂಚಿಸಿದರು. 312 ಬಂತು. "ಇಮ್ಮಡಿ ಆಗಲಿಲ್ಲವಲ್ಲ ಮಾಷ್ಟ್ರೇ?" ಎಂದು ಸೊಸೆಯ ತಾಯಿ ಕಣ್ಣೊರಸಿಕೊಂಡರು. ಅವರು ಪುತ್ತೂರಿನ ಕಡೆಯವರು, ಮಲಯಾಳ ತಿಳಿಯದು. ವೈದ್ಯೆಯ ಉತ್ತರವನ್ನು ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಪೂರ್ತಿ ಇಮ್ಮಡಿಯಾಗಲೇಬೇಕೆಂದಿಲ್ಲ. 1500ಕ್ಕಿಂತ ಕೆಳಗಿನಿಂದ ಆರಂಭವಾದಾಗ ಎರಡು ದಿನಕ್ಕೆ ಅರ್ಧದಷ್ಟು ಏರಿದರೂ ಅದು ಆರೋಗ್ಯವಾದ ಗರ್ಭವಿರಬಹುದು. ಏರಿಕೆ ತೀರ ನಿಧಾನವಾದರೆ ಅಥವಾ ಇಳಿದರೆ ಗರ್ಭಪಾತವನ್ನೋ ಗರ್ಭನಾಳದಲ್ಲಿ ನಿಂತ ಗರ್ಭವನ್ನೋ ಶಂಕಿಸುತ್ತಾರೆ.

ಅವರು ಒತ್ತಿ ಹೇಳಿದ ಮಾತು ಬೇರೆ. ನಾಳದಲ್ಲಿ ನಿಂತ ಗರ್ಭದಲ್ಲಿಯೂ ಅಂಕೆ ಕೆಲವೊಮ್ಮೆ ಸರಿಯಾಗಿಯೇ ಏರುತ್ತದೆ. ಆದುದರಿಂದ ಕಿಬ್ಬೊಟ್ಟೆಯ ನೋವು, ರಕ್ತಸ್ರಾವ, ಭುಜದ ತುದಿಯಲ್ಲಿ ನೋವು, ತಲೆಸುತ್ತು ಇವು ಕಂಡರೆ ರಿಪೋರ್ಟಿಗಾಗಿ ಕಾಯದೆ, ರಾತ್ರಿಯಾದರೂ ಸರಿಯೇ, ಆಸ್ಪತ್ರೆಗೆ ಧಾವಿಸಬೇಕು. ನಾಳ ಒಡೆದರೆ ತಾಯಿಯ ಜೀವಕ್ಕೇ ಅಪಾಯ. ಗರ್ಭ ಎಲ್ಲಿ ನಿಂತಿದೆಯೆಂಬುದನ್ನು ತೋರಿಸುವುದು ಸ್ಕ್ಯಾನ್. ಏಳನೆಯ ವಾರದ ಸ್ಕ್ಯಾನಿನಲ್ಲಿ ಸೊಸೆಯ ಗರ್ಭ ಗರ್ಭಕೋಶದೊಳಗೇ ಕಂಡಿತು, ಹೃದಯವೂ ಮಿಡಿಯುತ್ತಿತ್ತು.

ಮತ್ತೊಂದು ವಿಷಯ. ಎಚ್‌ಸಿಜಿ ಎಂಟರಿಂದ ಹನ್ನೊಂದನೆಯ ವಾರದ ಹೊತ್ತಿಗೆ ಶಿಖರ ಮುಟ್ಟಿ ತಾನಾಗಿಯೇ ಇಳಿಯುತ್ತದೆ; ಆಗಿನ ಇಳಿಕೆಗೆ ಹೆದರಬೇಕಾಗಿಲ್ಲ. ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪಿನ ಪರೀಕ್ಷೆಯನ್ನು ಮಾತ್ರ ಮೊದಲ ಭೇಟಿಯಲ್ಲಿಯೇ ಮಾಡಿಸಿಬಿಡಿ. ಆರ್‌ಎಚ್ ನೆಗೆಟಿವ್ ಗುಂಪಿನವಳಿಗೆ ರಕ್ತಸ್ರಾವವಾದರೆ ಆಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು. ಆಗ ಗುಂಪಿನ ಚೀಟಿ ಕೈಗೆ ಸಿಗುವಂತಿರಲಿ.