ಅರ್ಧ ಪೆನ್ನಿಯ ಎಡ್ವರ್ಡ್ಸ್

ಅವನ ಹೆಸರು ಎಡ್ವರ್ಡ್ ಎಡ್ವರ್ಡ್ಸ್. ಹೆಸರಿಡುವಾಗ ಅಪ್ಪ-ಅಮ್ಮ ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. 1812ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಅಪ್ಪ ಗಾರೆ ಕೆಲಸದವ. ಮಗನೂ ಮೊದಲು ಕರಣೆ ಹಿಡಿದೇ ಕಲಿತ. ಓದಿದ್ದೆಲ್ಲ ಹೆಚ್ಚುಕಡಿಮೆ ತಾನಾಗಿಯೇ. 1839ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪುಸ್ತಕಗಳ ಪಟ್ಟಿ ಬರೆಯುವ ಕೆಲಸ ಸಿಕ್ಕಿತು. ಅಲ್ಲಿ ಕೂತು, ಯುರೋಪಿನ ಯಾವ ಊರಿನ ಜನಕ್ಕೆ ಎಷ್ಟು ಪುಸ್ತಕ ದಕ್ಕುತ್ತದೆ ಎಂದು ಲೆಕ್ಕ ಹಾಕತೊಡಗಿದ. ಲೆಕ್ಕ ಅಲ್ಲಲ್ಲಿ ತಪ್ಪಿತ್ತು, ಆಗದವರು ಅದನ್ನು ಎತ್ತಿ ಆಡಿದರು. ಆದರೂ ಸಂಸದ ವಿಲಿಯಂ ಯೂವರ್ಟ್‌ಗೆ ಮಾತು ನಾಟಿತು.

ಹಾಗೆ ಹುಟ್ಟಿದ 1850ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯದೇ ಒಂದು ಗಮ್ಮತ್ತು. ಪೌಂಡಿಗೆ ಅರ್ಧ ಪೆನ್ನಿ ತೆರಿಗೆ ಎತ್ತಬಹುದು, ಕಟ್ಟಡ ಕಟ್ಟಬಹುದು, ಸಂಬಳ ಕೊಡಬಹುದು. ಪುಸ್ತಕ ಮಾತ್ರ ಕೊಳ್ಳುವಂತಿಲ್ಲ! ಒಲೆ ಹೂಡಿ, ಅಡುಗೆಯವರನ್ನೂ ಗೊತ್ತುಮಾಡಿ, ಅಕ್ಕಿ ಮಾತ್ರ ನೆಂಟರೇ ತರಲಿ ಎಂದ ಹಾಗೆ. ಇಷ್ಟಕ್ಕೂ ಕರ್ನಲ್ ಸಿಬ್‌ಥಾರ್ಪ್ ಎಂಬ ಸದಸ್ಯ, ತನಗೆ ಓದೆಂದರೇ ಆಗದು, ಆಕ್ಸ್‌ಫರ್ಡಿನಲ್ಲಿದ್ದಾಗಲೂ ಆಗುತ್ತಿರಲಿಲ್ಲ ಎಂದು ಸದನದಲ್ಲೇ ಹೇಳಿ ವಿರೋಧಿಸಿದ. ಇಂಥ ಪ್ರಾಮಾಣಿಕರು ಈಗೆಲ್ಲಿ! ತೆರಿಗೆ ದುಡ್ಡಲ್ಲಿ ಪುಸ್ತಕ ಕೊಳ್ಳಲು ಒಪ್ಪಿಗೆ ಸಿಕ್ಕಿದ್ದು 1855ರಲ್ಲಿ.

ಅಷ್ಟರಲ್ಲಿ, 1852ರಲ್ಲೇ, ಮ್ಯಾಂಚೆಸ್ಟರಿನ ಲೈಬ್ರರಿ ಬಾಗಿಲು ತೆರೆದಿತ್ತು. ಡಿಕನ್ಸ್ ಭಾಷಣ ಮಾಡಿದ. ಕಾದಂಬರಿಕಾರ ಥ್ಯಾಕರೆ ನಡುವೆ ಮಾತು ಮರೆತು ಕೂತುಬಿಟ್ಟ. ಎಡ್ವರ್ಡ್ಸ್ ಅಲ್ಲಿನ ಮೊದಲ ಗ್ರಂಥಪಾಲಕ. ಪುಸ್ತಕಗಳ ಜೊತೆ ಏಗಲು ಬೇಕಾದ ತಾಳ್ಮೆ ಅವನಲ್ಲಿ ಧಾರಾಳವಾಗಿತ್ತು. ಸಮಿತಿಯವರ ಜೊತೆ ಏಗಲು ಬೇಕಾದದ್ದು ಚೂರೂ ಇರಲಿಲ್ಲ. 1858ರಲ್ಲಿ ಕೆಲಸ ಹೋಯಿತು. ಮರುವರ್ಷ ಗ್ರಂಥಾಲಯಗಳ ಚರಿತ್ರೆಯನ್ನು ಎರಡು ದಪ್ಪ ಸಂಪುಟಗಳಲ್ಲಿ ಹೊರತಂದ. ಕೈಯಲ್ಲಿ ಕಾಸು ಮಾತ್ರ ನಿಲ್ಲಲಿಲ್ಲ. ಮುಪ್ಪಿನಲ್ಲಿ ಸರ್ಕಾರ ವರ್ಷಕ್ಕೆ 80 ಪೌಂಡ್ ಪಿಂಚಣಿ ಕೊಟ್ಟಿತು. ಅದನ್ನು ಉಂಡದ್ದು ಮೂರೇ ವರ್ಷ. 1886ರಲ್ಲಿ ವೈಟ್ ದ್ವೀಪದ ನೈಟನ್ ಎಂಬ ಹಳ್ಳಿಯಲ್ಲಿ ತೀರಿಕೊಂಡ.

ಇತ್ತ ಕರ್ನಾಟಕದಲ್ಲಿ, 1965ರ ಗ್ರಂಥಾಲಯ ಕಾಯ್ದೆಯಿಂದ ನಮ್ಮ ಮನೆ ಕಂದಾಯಕ್ಕೂ ಗ್ರಂಥಾಲಯ ಕರ ಅಂಟಿಕೊಂಡಿದೆ. ಆ ಅರ್ಧ ಪೆನ್ನಿಯ ದೂರದ ನೆಂಟ. ನಮ್ಮ ಬಡಾವಣೆಯ ಲೈಬ್ರರಿಗೆ ಬೆಳಗ್ಗೆ ಬರುವ ಪೇಪರನ್ನು ನಿವೃತ್ತರು ಹಾಳೆಹಾಳೆ ಬಿಡಿಸಿ ಹಂಚಿಕೊಳ್ಳುತ್ತಾರೆ. ಕ್ರೀಡಾ ಪುಟ ಹಿಡಿದವರು ಬಿಡುವುದಿಲ್ಲ, ಪಕ್ಕದವರು ಮೊದಲು ಕೆಮ್ಮುತ್ತಾರೆ, ಆಮೇಲೆ "ಆಯ್ತೇನ್ ಸಾರ್?" ಎನ್ನುತ್ತಾರೆ. ಮುಂದಿನ ಪುಟಕ್ಕೆ ಕಾಯುತ್ತ ಒಬ್ಬರು ಕೂತಲ್ಲೇ ತೂಕಡಿಸುತ್ತಾರೆ. ಎಡ್ವರ್ಡ್ಸ್ ಇದನ್ನು ನೋಡಿದ್ದರೆ ಹಿಗ್ಗುತ್ತಿದ್ದ. ಕನ್ನಡಕ ಒರೆಸಿಕೊಂಡು ಕಪಾಟುಗಳತ್ತ ತಿರುಗಿದ ಮೇಲೆ, ಪುಸ್ತಕ ಜೋಡಿಸಿದ ಕ್ರಮ ಸರಿಯಿಲ್ಲವೆಂದು ಮಧ್ಯಾಹ್ನದೊಳಗೆ ಸಮಿತಿಗೆ ನಾಲ್ಕು ಪುಟದ ಪತ್ರ ಬರೆಯುತ್ತಿದ್ದ.